ಟಗರಿನ ಕೊಂಬಿನಲ್ಲಿ ಉಳಿದ ಹತ್ತಿ

ಮುಂಡರಗಿ ಬಸ್ ನಿಲ್ದಾಣದ ಹಿಂದಿನ ಗಾದಿ ಅಂಗಡಿಯವರು ಸಂಜೆ ಕಸ ಗುಡಿಸಿ, ಉಳಿದ ಹತ್ತಿಯ ಚೂರುಗಳಿಗೆ ಬೆಂಕಿ ಇಡುತ್ತಾರೆ. ಹತ್ತಿ ಧಗಧಗ ಉರಿಯುವುದಿಲ್ಲ. ಒಳಗೊಳಗೇ ಕೆಂಪಾಗಿ, ಸಣ್ಣಗೆ ನೀಲಿ ಹೊಗೆ ಬಿಡುತ್ತ ಕರಗುತ್ತದೆ. ಆ ವಾಸನೆ ಬಂದರೆ ನಾನು ಈಗಲೂ ಕೈಯಲ್ಲಿನ ಚೀಲ ಕೆಳಗಿಟ್ಟು ನಿಂತುಬಿಡುತ್ತೇನೆ. ಮೊಮ್ಮಕ್ಕಳು ಮುದುಕನಿಗೆ ದಮ್ಮು ಹತ್ತಿತೆಂದುಕೊಳ್ಳುತ್ತಾರೆ. ಅದು ನನ್ನ ಆಯಿಯ ವಾಸನೆ, ನಮ್ಮ ಮನೆಯ ವಾಸನೆ. ಐವತ್ತು ವರ್ಷದಿಂದ ನಾನು ಹೊತ್ತುಕೊಂಡ ಒಂದು ಪಾಪದ ವಾಸನೆಯೂ ಹೌದು.

ನಾವು ಪಿಂಜಾರರು. ಕಪ್ಪತಗುಡ್ಡದ ಬುಡದಲ್ಲಿದ್ದ ನಮ್ಮ ಊರಿನಲ್ಲಿ ನಮ್ಮದೊಂದೇ ಹತ್ತಿ ಹಿಂಜುವ ಮನೆ. ಅಪ್ಪ ಆಳುದ್ದದ ಬಿಲ್ಲನ್ನು ಹೆಗಲಿಗೇರಿಸಿಕೊಂಡು ಶಿರಹಟ್ಟಿ, ಲಕ್ಷ್ಮೇಶ್ವರದ ಕಡೆ ಗಾದಿ ತುಂಬಲು ಹೋದರೆ ಎಂಟು ದಿನ ಬರುತ್ತಿರಲಿಲ್ಲ. ಮನೆಯಲ್ಲಿದ್ದ ದಿನಗಳಲ್ಲಿ ಆ ಬಿಲ್ಲಿನ ನರ ಟಂಯ್ ಟಂಯ್ ಎಂದು ಮಿಡಿಯುತ್ತಿತ್ತು. ಹತ್ತಿಯ ಎಳೆಗಳು ಬಿಸಿಲಕೋಲಿನಲ್ಲಿ ಈಜುತ್ತ ಬಂದು ರೊಟ್ಟಿಯ ಮೇಲೆ, ಅವ್ವನ ಹುಬ್ಬಿನ ಮೇಲೆ, ಮಲಗಿದ ಮೇಕೆಯ ಮೇಲೆ ಕೂಡುತ್ತಿದ್ದವು. ಕೆಲಸಕ್ಕೆ ಬಾರದ ಹತ್ತಿಯನ್ನು ಆಯಿ, ಅಂದರೆ ಅಪ್ಪನ ತಾಯಿ, ಗಡಿಗೆಯಲ್ಲಿ ಅರ್ಧ ಸುಟ್ಟು ಕರಿ ಮಾಡಿಡುತ್ತಿದ್ದಳು. ಚಕಮಕಿ ಕಲ್ಲಿನ ಒಂದು ಕಿಡಿ ಬಿದ್ದರೆ ಸಾಕು, ಆ ಕರಿಹತ್ತಿ ಕೆಂಪಾಗುತ್ತಿತ್ತು. ಗುಡ್ಡದಲ್ಲಿ ಕುರಿ ಮೇಯಿಸುವವರು ಬೀಡಿ ಹೊತ್ತಿಸಲು ಅದನ್ನೇ ಒಯ್ಯುತ್ತಿದ್ದರು.

ಅವರಲ್ಲಿ ಬರಮಪ್ಪ ಕಾಕಾ ನಮ್ಮ ಮನೆಯವನಂತೆಯೇ ಇದ್ದ. ಹೊಳೆಯ ದಂಡೆಯ ಊರಿನವನಾದರೂ ಪ್ರತಿ ಬೇಸಿಗೆಗೆ ಕುರಿ ಹೊಡೆದುಕೊಂಡು ಬಂದು ಗುಡ್ಡದ ಬುಡದಲ್ಲಿ ಮುಳ್ಳುಬೇಲಿಯ ಹಟ್ಟಿ ಹಾಕುತ್ತಿದ್ದ. ಬಂದ ದಿನವೇ ನಮ್ಮ ಕಟ್ಟೆಯ ಮೇಲೆ ಕುಳಿತು ಟಗರಿನ ಕೊಂಬಿನ ಸಣ್ಣ ಡಬ್ಬಿಯನ್ನು ಮುಂದಿಡುತ್ತಿದ್ದ. ಆಯಿ ಅದಕ್ಕೆ ಕರಿಹತ್ತಿ ತುಂಬಿ ಕಟ್ಟಿಗೆಯ ಬಿರಡೆ ಒತ್ತಿ ಕೊಡುತ್ತಿದ್ದಳು. ನನಗೆ ಕಿಡಿ ಹೊಡೆಯಲು ಕಲಿಸಿದವನು, ತನ್ನ ಹಳೆಯ ಚಕಮಕಿಯನ್ನು ಗುಟ್ಟಾಗಿ ಕೊಟ್ಟವನು ಅವನೇ.

ಹಳೆಯ ಹುಲ್ಲು ಸುಟ್ಟರೆ ಹೊಸ ಚಿಗುರು ಬೇಗ ಬರುತ್ತದೆಂದು ಕುರಿಗಾರರು ಒಂದೊಂದು ಪಟ್ಟಿ ಸುಡುತ್ತಿದ್ದುದುಂಟು. ಆದರೆ ಬರಮಪ್ಪ ಮೊದಲ ಮಳೆ ಬಿದ್ದು ನೆಲ ಹಸಿಯಾಗುವವರೆಗೆ ಬೆಂಕಿ ಮುಟ್ಟುತ್ತಿರಲಿಲ್ಲ. ಗಾಳಿ ನಿಂತ ಮೇಲೆ, ಸುತ್ತ ಹುಲ್ಲು ಹೆರೆದು, ಹಸಿ ಟೊಂಗೆ ಹಿಡಿದ ನಾಲ್ಕು ಮಂದಿಯನ್ನು ನಿಲ್ಲಿಸಿ, ಅಂಗಳದಷ್ಟು ಜಾಗ ಮಾತ್ರ ಸುಡುತ್ತಿದ್ದ.

"ಲೇ ಇಮಾಮಾ, ಬೆಂಕಿ ಅಂದ್ರ ಟಗರಿದ್ದಂಗ. ಹಗ್ಗ ಕೈಯಾಗ ಇಟಗೊಂಡ ಬಿಡಬೇಕು," ಅನ್ನುತ್ತಿದ್ದ.

ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆ. ನಾನು ಎಂಟನೆಯ ಇಯತ್ತೆ ಮುಗಿಸಿದ್ದೆ. ನಮ್ಮ ಮೇಕೆ ಈದಿತ್ತು, ಕೆಚ್ಚಲಲ್ಲಿ ಹಾಲಿರಲಿಲ್ಲ. ಮರಿ ನನ್ನ ಬೆರಳು ಚೀಪುತ್ತಿತ್ತು. ಮಳೆಗಿಂತ ಮುಂಚೆಯೇ ಸುಟ್ಟಿಟ್ಟರೆ ಮೊದಲ ಹನಿಗೇ ಚಿಗುರು ಬರುತ್ತದೆಂದು ನನ್ನ ಬುದ್ಧಿಗೆ ಹೊಳೆಯಿತು. ಆಯಿಯ ಗಡಿಗೆಯಿಂದ ಒಂದು ಹಿಡಿ ಕರಿಹತ್ತಿ ಕದ್ದು, ಮಧ್ಯಾಹ್ನ ಊರು ಮಲಗಿದ್ದಾಗ ಗುಡ್ಡ ಹತ್ತಿದೆ. ಎರಡನೆಯ ಏಟಿಗೇ ಕಿಡಿ ಹಿಡಿಯಿತು. ಬರಮಪ್ಪನಿಗೆ ತೋರಿಸಬೇಕೆನಿಸಿದ್ದು ನೆನಪಿದೆ. ಅಷ್ಟರಲ್ಲಿ ಗಾಳಿ ತಿರುಗಿತು. ಅಂಗಿ ಬಿಚ್ಚಿ ಬಡಿದೆ. ಬೆಂಕಿ ನನ್ನ ಎಡಕ್ಕೂ ಬಲಕ್ಕೂ ಓಡಿತು. ನಾನು ಕೆಳಕ್ಕೆ ಓಡಿದೆ.

ಎರಡು ದಿನ ಗುಡ್ಡ ಉರಿಯಿತು. ಊರೆಲ್ಲ ಬೇವಿನ ಟೊಂಗೆ, ತೊಯ್ಸಿದ ಗೋಣಿಚೀಲ ಹಿಡಿದು ಬಡಿಯಿತು, ನಾನೂ ಬಡಿದೆ. ಮೂರು ಮನೆಗಳ ಮೇವಿನ ಬಣವೆ ಹೋದವು. ಬರಮಪ್ಪನ ಹಟ್ಟಿಗೆ ಬೆಂಕಿ ಹೊಕ್ಕಾಗ ದೊಡ್ಡ ಕುರಿಗಳು ಅವನೊಂದಿಗೆ ಬಯಲಿನಲ್ಲಿದ್ದವು, ಹಾಲುಮರಿಗಳು ಒಳಗಿದ್ದವು. ಮೂರನೆಯ ದಿನ ಗುಡ್ಡ ಹೆಂಚಿನಂತೆ ಕರ್ರಗೆ ಕೂತಿತ್ತು. ಒಂದು ಹಕ್ಕಿಯ ದನಿಯೂ ಇರಲಿಲ್ಲ. ಆ ಸುಮ್ಮನಿರುವಿಕೆಯನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಆಮೇಲೆ ಅವು ಇಳಿದು ಬರತೊಡಗಿದವು. ರೆಕ್ಕೆ ಸುಟ್ಟ ನವಿಲು, ಕಣ್ಣು ಕಾಣದ ಮೊಲ, ಚಿಪ್ಪು ಕಂದಿದ ಆಮೆಗಳು. ಗೊರಸು ಬೆಂದ ಒಂದು ಚಿಗರಿಮರಿಯನ್ನು, ಅಂದರೆ ಎಳೆ ಜಿಂಕೆಯನ್ನು, ಸತ್ತ ತನ್ನ ಕುರಿಮರಿಗಳನ್ನು ಹೂಳಿ ಬಂದ ಬರಮಪ್ಪನೇ ಕಂಬಳಿಯಲ್ಲಿ ಸುತ್ತಿ ತಂದು ಆಯಿಯ ಮಡಿಲಲ್ಲಿಟ್ಟ. ಆಯಿ ಎಲೆಅಡಿಕೆಯ ಸುಣ್ಣದ ತಿಳಿನೀರಿಗೆ ಕುಸುಬಿ ಎಣ್ಣೆ ಹಾಕಿ ಬೆಣ್ಣೆಯಂತಾಗುವವರೆಗೆ ಕಡೆದಳು. ಅಪ್ಪ ಮದುವೆಯ ಗಾದಿಗೆಂದು ಎತ್ತಿಟ್ಟಿದ್ದ ಬಿಳಿ ಹತ್ತಿಯನ್ನು ಬಿಚ್ಚಿ, ತಾನೇ ಹಿಂಜಿ, ಹೂವಿನಂತೆ ಮಾಡಿ ಕೊಟ್ಟ. ಆಯಿ ಅದನ್ನು ಎಣ್ಣೆಯಲ್ಲಿ ಅದ್ದಿ ಒಂದೊಂದು ಕಾಲಿಗೂ ಸುತ್ತಿದಳು. ಪಕ್ಕದ ಮನೆಯ ಗೌರವ್ವ ಆಮೆಯನ್ನು ತಿರುವಿ ಹಿಡಿದು, "ಆಯಿ, ಆಮಿಗೂ ಗಾದಿ ಹೊಲಿತೀಯೇನ?" ಎಂದು ನಗಿಸಲು ನೋಡಿದಳು.

"ನಿನ್ನಂಗ ಉದ್ದ ನಾಲಿಗಿ ಇಲ್ಲವ್ವಾ ಅದಕ್ಕ. ನೋವಾದ್ರ ಹೇಳಾಕ ಬರೂದಿಲ್ಲ," ಎಂದಳು ಆಯಿ, ತಲೆ ಎತ್ತದೆ. ಪಕ್ಕದಲ್ಲಿ ಬಟ್ಟಲು ಹಿಡಿದು ಕೂತಿದ್ದ ನನಗೆ ನಾಲಿಗೆಯಿತ್ತು.

ಊರ ಹಿರಿಯರು ಡಂಗುರ ಹೊಡೆಸಿದರು. ಆ ವರ್ಷ ಯಾರೂ ಬಲೆ ಹಾಕಬಾರದು, ಮೊಲ ಅಂಗಳಕ್ಕೆ ಬಂದರೂ ಹೊಡೆಯಬಾರದು. ಬಣವೆ ಕಳೆದುಕೊಂಡವರ ಎತ್ತುಗಳಿಗೆ ಮನೆಮನೆಯಿಂದ ಜೋಳದ ಕಣಿಕೆಯ ಸೂಡುಗಳು ಬಂದವು. ಮನೆಗೊಂದರಂತೆ ಒಡಕು ಬಾಯಿಯ ಗಡಿಗೆ ಒಯ್ದು ಗುಡ್ಡದ ಮೇಲೆ ಕುತ್ತಿಗೆವರೆಗೆ ಹೂಳಿದೆವು, ದಿನಾ ಬೆಳಿಗ್ಗೆ ಪ್ರಾಣಿಗಳಿಗೆ ನೀರು ತುಂಬಲಿಕ್ಕೆ. ಬರಮಪ್ಪನೂ ತನ್ನದೊಂದು ಗಡಿಗೆ ಹೂಳಿದ. ಎಲ್ಲರಿಗಿಂತ ಮೊದಲು ಕೊಡ ಹೊತ್ತು ಏರುತ್ತಿದ್ದವನು ನಾನು. "ಪಿಂಜಾರರ ಹುಡುಗನ್ನ ನೋಡಿ ಕಲೀರಿ" ಎಂದು ಗೌಡರು ಉಳಿದ ಹುಡುಗರಿಗೆ ಹೇಳಿದರು. ಯಾರಾದರೂ ಹೊಡೆದಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ.

ಬೆಂಕಿ ಹಚ್ಚಿದವರು ಯಾರು ಎಂಬ ಮಾತು ಎಂಟನೆಯ ದಿನ ಚಾವಡಿಗೆ ಬಂತು. ಎಲ್ಲರ ಕಣ್ಣೂ ಬರಮಪ್ಪನ ಮೇಲಿತ್ತು.

"ಚಕಮಕಿ ಐತ್ರಿ ಗೌಡ್ರ. ಖರೆ ನಾ ಹಚ್ಚಿಲ್ಲ," ಎಂದ ಅವನು.

"ಹಂಗಾದ್ರ ಗುಡ್ಡ ತಾನ ಬೀಡಿ ಸೇದಿತೇನು?" ಎಂದು ಯಾರೋ ಹಿಂದಿನಿಂದ ಅಂದರು. ನಕ್ಕರು. ಚಿಗುರಿನ ಆಸೆಗೆ ತನ್ನ ಮರಿಗಳನ್ನೇ ಸುಟ್ಟುಕೊಂಡ ಎಂದರು. ಇನ್ನು ಮುಂದೆ ಅವನ ಹಟ್ಟಿ ನಮ್ಮ ಸೀಮೆಯಲ್ಲಿ ಬೇಡವೆಂದು ತೀರ್ಮಾನವಾಯಿತು. ನಾನು ಅಪ್ಪನ ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆದೆ ಕೂಡ. ಅಪ್ಪನ ಕೈ ನನ್ನ ಹೆಗಲ ಮೇಲೆ ಬೆಚ್ಚಗಿತ್ತು. ಆ ಬಿಸಿ ಕಳೆದುಕೊಳ್ಳಲು ಮನಸ್ಸಾಗಲಿಲ್ಲ.

ಹೊರಡುವ ಮುನ್ನ ಬರಮಪ್ಪ ನಮ್ಮ ಮನೆಗೆ ಬಂದ. ಎಂದಿನಂತೆ ಕೊಂಬಿನ ಡಬ್ಬಿ ಮುಂದಿಟ್ಟ. ಆಯಿ ಹತ್ತಿಯನ್ನು ಬೆರಳಿನಿಂದ ಒತ್ತಿ ತುಂಬಿ ಕೊಟ್ಟಳು. ಅವನು ನನ್ನ ಕಡೆ ತಿರುಗಿದ.

"ನಾ ಕೊಟ್ಟಿದ್ದ ಚಕಮಕಿ ಐತೇನೋ?"

"ಕಳೀತು ಕಾಕಾ."

ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ ನನ್ನ ಮುಖ ನೋಡಿದ. "ಕಳದದ್ದು ಚಲೋ ಆತು ಬಿಡು," ಎಂದ. ಮೆಟ್ಟಿಲಿಳಿದು, "ನನ್ನ ಗಡಿಗಿಗೂ ನೀರ ಹಾಕ," ಎಂದ.

ಹಾಕಿದೆ. ಮಳೆ ಬರುವವರೆಗೆ ಒಂದು ದಿನವೂ ತಪ್ಪಿಸಲಿಲ್ಲ. ಮಳೆ ಬಿತ್ತು, ಕರಿನೆಲದ ಮೇಲೆ ಗಿಳಿಹಸಿರು ಚಿಗುರು ಬಂತು. ಚಿಗರಿಮರಿ ಒಂದು ಬೆಳಿಗ್ಗೆ ಹತ್ತಿಯನ್ನು ಕಾಲಿನಿಂದ ಕಿತ್ತೊಗೆದು, ಅಂಗಳ ದಾಟಿ ಕುಂಟುತ್ತಲೇ ಗುಡ್ಡ ಸೇರಿತು. ಆಯಿ ಬಿದ್ದ ಹತ್ತಿಯನ್ನು ಆರಿಸಿಕೊಂಡು ನಿಂತಿದ್ದಳು. ಮರುವರ್ಷ ನವಿಲು ಕೂಗಿದವು. ಬರಮಪ್ಪ ಬರಲಿಲ್ಲ.

ಮೆಟ್ರಿಕ್ ಮುಗಿಸಿ ನಾನು ಬೆಟಗೇರಿಯಲ್ಲಿ ಒಂದು ಹತ್ತಿ ಗಿರಣಿಯ ಕೆಲಸಕ್ಕೆ ಸೇರಿದೆ. ಆಯಿ ತೀರಿಕೊಂಡಳು. ಗಾದಿಗೆ ಯಂತ್ರ ಬಂದು ಅಪ್ಪನ ಬಿಲ್ಲು ಅಟ್ಟ ಸೇರಿತು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ, ಇನ್ನು ತಾಳಲಾರದೆ, ಹೊಳೆದಂಡೆಯ ಆ ಊರು ಹುಡುಕಿಕೊಂಡು ಹೋದೆ. ಬರಮಪ್ಪ ತೀರಿ ಎರಡು ವರ್ಷವಾಗಿತ್ತು. ಅವನ ಹೆಂಡತಿ ನೀಲವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. ಅವಳ ಮುಂದೆ ಎಲ್ಲವನ್ನೂ ಹೇಳಿದೆ. ಅವಳು ಮೊರದಲ್ಲಿ ಕೇರುವುದನ್ನು ನಿಲ್ಲಿಸಲಿಲ್ಲ.

"ಯಾಕ ಸುಳ್ಳ ಹೇಳ್ತೀ ತಮ್ಮಾ? ನಾನ ಹಚ್ಚೀನಿ ಅಂತ ಅವರ ಹೇಳ್ಯಾರ. ಸಾಯೂತನಕಾ ಅದನ್ನ ಹೇಳಿದ್ರು."

"ಇಲ್ಲ ಚಿಗವ್ವಾ, ನಾನ ಹಚ್ಚಿದ್ದು."

"ಭಾಳ ಪ್ರೀತಿ ಇತ್ತು ನಿನಗ, ಅದಕ್ಕ ಅಂತಿ. ಅವರೂ ನಿನ್ನ ನೆನಸ್ತಿದ್ರು. ಆ ಹುಡುಗ ನನ್ನ ಗಡಿಗಿಗೆ ನೀರ ಹಾಕಿರತಾನ ಅಂತಿದ್ರು."

ಗೋಡೆಯ ಮಾಡಿನಿಂದ ಕೊಂಬಿನ ಡಬ್ಬಿ ತೆಗೆದು ಕೊಟ್ಟಳು. "ನಿಮ್ಮನಿ ಹತ್ತಿನ ಐತಿ. ಅಲ್ಲಿಂದ ಬಂದ ಮ್ಯಾಲೆ ಬೀಡಿ ಬಿಟ್ರು, ಇದನ್ನ ತಗೀಲೇ ಇಲ್ಲ. ಒಯ್ಯಿ."

ಈಗ ಅದು ನನ್ನ ಮನೆಯ ಗೂಡಿನಲ್ಲಿದೆ. ಒಮ್ಮೊಮ್ಮೆ ಬಿರಡೆ ತೆಗೆದು ಮೂಸುತ್ತೇನೆ. ಆಯಿಯ ಬೆರಳು ಒತ್ತಿದ ಕುಳಿ ಹತ್ತಿಯಲ್ಲಿ ಹಾಗೇ ಇದೆ. ಇಷ್ಟು ವರ್ಷವಾದರೂ ಅದು ಒಣಗಿಯೇ ಇದೆ. ಒಂದು ಕಿಡಿ ಬಿದ್ದರೆ ಇವತ್ತಿಗೂ ಹಿಡಿದೀತು. ಬಿರಡೆ ಒತ್ತಿ, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ ಇಡುತ್ತೇನೆ.