ಅಕ್ಕ ಸೆರಗೊಡ್ಡಿದ ಮಧ್ಯಾಹ್ನ

ಅಕ್ಕನ ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಸುಟ್ಟ ಕಲೆಗಳಿದ್ದವು. ರೊಟ್ಟಿಯನ್ನು ಹಂಚಿಗೆ ಹಾಕುವಾಗ ಅಂಚು ತಾಗಿ ಆದವು. ಹಳೆಯವು ಕಪ್ಪಾಗಿದ್ದವು, ಹೊಸವು ಕೆಂಪಗೆ ಹೊಳೆಯುತ್ತಿದ್ದವು. ಬಳೆ ಉಜ್ಜಿದರೆ ಉರಿಯುತ್ತದೆಂದು ಆ ಕೈಗೆ ಒಂದೇ ಒಂದು ಹಸಿರು ಗಾಜಿನ ಬಳೆ ತೊಡುತ್ತಿದ್ದಳು. ಗೋವಾ ಕಡೆ ದುಡಿಯಲು ಹೋದ ಆಕೆಯ ಗಂಡ ತಿರುಗಿ ಬಂದಿರಲಿಲ್ಲ. ಯಾರಾದರೂ ಬಳೆಯ ಮಾತು ತೆಗೆದರೆ, “ಅಂವಗ ಒಂದ ಸಾಕು. ಅಷ್ಟಕ್ಕ ಲಾಯಕ್ ಅದಾನ” ಎಂದು ನಕ್ಕುಬಿಡುತ್ತಿದ್ದಳು.

ಊರಿನವರಿಗೆಲ್ಲ ಆಕೆ ಖಾನಾವಳಿ ಅಕ್ಕ. ಗಜೇಂದ್ರಗಡದಿಂದ ರೋಣದ ಕಡೆಗೆ ಹೋಗುವ ರಸ್ತೆಯಲ್ಲಿ, ಕಾಳಿನ ಮಾರ್ಕೆಟ್ಟಿನ ಎದುರು, ತಗಡಿನ ಮಾಡಿನ ಕೆಳಗೆ ಆಕೆಯ ಖಾನಾವಳಿ ಇತ್ತು. ಮಕ್ಕಳೇ, ನಿಮ್ಮ ಅಪ್ಪ ಬೆಳೆದದ್ದು ಅಲ್ಲಿಯ ಅನ್ನದಲ್ಲಿ.

ನಿಮ್ಮ ಅಜ್ಜ ಮಗ್ಗದಲ್ಲಿ ಸೀರೆ ನೇಯುತ್ತಿದ್ದವರು. ಅವರು ತೀರಿಕೊಂಡಾಗ ನಿಮ್ಮ ಅಪ್ಪ ಇನ್ನೂ ಎರಡನೇ ಇಯತ್ತೆ. ನಾನು ಅಸೂಟಿಯ ಶಾಲೆಯಲ್ಲಿ ಏಳನೆಯದರವರೆಗೆ ಓದಿದ್ದೆ. ಓದಿದರೇನು, ನಾಲ್ಕು ಜನರ ಮುಂದೆ ಬಾಯಿ ಬರುತ್ತಿರಲಿಲ್ಲ. ಕೆಲಸ ಕೇಳಬೇಕೆಂದು ಹೋಗಿ, ತಲೆಯ ಮೇಲೆ ಸೆರಗು ಹೊದ್ದು, ಖಾನಾವಳಿಯ ಹೊರಗೆ ಸುಮ್ಮನೆ ನಿಂತುಬಿಟ್ಟೆ. ಅಕ್ಕ ಬಗ್ಗಿ ನೋಡಿದಳು.

“ಯಾಕವಾ, ಉಣ್ಣಾಕ ಬಂದಿಯೇನು, ಕೆಲಸಕ್ಕ ಬಂದಿಯೇನು?”

ನಾನು ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡೆ.

“ಎರಡಕ್ಕೂ ಬಾ,” ಅಂದಳು.

ಅವತ್ತಿನಿಂದ ಆಕೆಯ ಒಲೆಯ ಪಕ್ಕದಲ್ಲಿ ಕೂತು ರೊಟ್ಟಿ ಬಡಿದೆ. ಶಾಲೆ ಬಿಟ್ಟ ಕೂಡಲೇ ನಿಮ್ಮ ಅಪ್ಪ ಪಾಟಿಚೀಲ ಹೊತ್ತು ಓಡಿ ಬರುತ್ತಿದ್ದ. ಗಿರಾಕಿಗಳು ಎಷ್ಟೇ ಇರಲಿ, ಅಕ್ಕ ಮೊದಲು ಅವನ ಮುಂದೆ ತಾಟು ಇಡುತ್ತಿದ್ದಳು. “ಸಾಲಿಯಿಂದ ಬಂದ ಹುಡುಗನ ಹೊಟ್ಟಿ ಕಾಯಾಂಗಿಲ್ರಿ, ನೀವು ದೊಡ್ಡವರು ಕಾಯ್ರಿ” ಎನ್ನುತ್ತಿದ್ದಳು. ಬದನೆಕಾಯಿ ಎಣಗಾಯಿಯ ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂದರೆ ತಾನೇ ತುತ್ತಿಗೆ ಮೊಸರು ಕಲಸಿ ಕೊಡುತ್ತಿದ್ದಳು. ಅವನು ಅವಳನ್ನು ದೊಡ್ಡವ್ವ ಎಂದು ಕರೆಯುತ್ತಿದ್ದ.

ಉಣ್ಣುವವರನ್ನು ನಡುವೆ ಎಬ್ಬಿಸಿದರೆ ಆಕೆ ಸಹಿಸುತ್ತಿರಲಿಲ್ಲ. ಒಮ್ಮೆ ಒಬ್ಬ ಲಾರಿ ಮಾಲೀಕ ತನ್ನ ಡ್ರೈವರನನ್ನು ಹುಡುಕಿಕೊಂಡು ಬಂದು, “ಏಳಲೇ, ಲೋಡ್ ಅಲ್ಲೇ ಬಿಟ್ಟು ಇಲ್ಲಿ ತಿನಕೋತ ಕುಂತಿಯೇನು?” ಎಂದು ಬಾಗಿಲಿನಿಂದಲೇ ಕೂಗಾಡಿದ. ಅಕ್ಕ ಅಡ್ಡ ಬಂದಳು. “ಉಣ್ಣಾವನ್ನ ಎಬ್ಬಿಸಬಾರದ್ರಿ ಸಾಹೇಬ್ರ. ಅಂವ ಮುಗಿಸೋತನಕ ನೀವೂ ಕುಂದರ್ರಿ.” ಅವನು ಬೈಯುತ್ತಲೇ ಕೂತ. ಅಕ್ಕ ಅವನ ಮುಂದೆ ಬಿಸಿ ರೊಟ್ಟಿ ಹಾಕಿದಳು. ಸ್ವಲ್ಪ ಹೊತ್ತಿಗೆ ಡ್ರೈವರ ಕೈತೊಳೆದು ನಿಂತಿದ್ದ, ಮಾಲೀಕ ಇನ್ನೂ ಪಲ್ಲೆ ಕೇಳುತ್ತಿದ್ದ. ಅಕ್ಕ ನನ್ನ ಕಡೆ ಹೊರಳಿ ಕಣ್ಣು ಮಿಟುಕಿಸಿದಳು.

ಎರಡನೇ ಸಲ ಕೊರೋನಾ ಬಂದಾಗ ನಿಮ್ಮ ತಾಯಿಯ ಅಪ್ಪ ಹೋದರು. ಅದು ನಿಮಗೂ ಗೊತ್ತು. ದವಾಖಾನೆಯ ಬಾಗಿಲಲ್ಲಿ ನಿಮ್ಮ ಅಪ್ಪ ಅವರನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದ. ಅವರು ಉಸಿರಿಗಾಗಿ ಒದ್ದಾಡಿದ್ದನ್ನು ಅವನು ಮರೆಯಲಿಲ್ಲ. ಎಲ್ಲರಿಗೂ ಲಸಿಕೆಯ ಸೂಜಿ ಸಿಗತೊಡಗಿದ ಮೇಲೆ ನಮ್ಮನ್ನೆಲ್ಲ ತಾನೇ ಕರೆದುಕೊಂಡು ಹೋಗಿ ಹಾಕಿಸಿದ. ಅಕ್ಕನನ್ನೂ ಬಿಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಮೂರನೇ ಸಲದ ಸುದ್ದಿ ಎದ್ದಿತು. ಕಡಲೆ ಮಾರ್ಕೆಟ್ಟಿಗೆ ಬರುವ ಹೊತ್ತು ಅದು. ನಿಮ್ಮ ಅಪ್ಪ ಆಗಲೂ ಈಗಿನಂತೆ ದಲಾಲಿ ಅಂಗಡಿಯಲ್ಲಿ ಗುಮಾಸ್ತನಾಗಿದ್ದ. ಎರಡೂ ಸೂಜಿ ಹಾಕಿಸಿಕೊಂಡ ಡ್ರೈವರರನ್ನು ಮಾತ್ರ ಒಳಗೆ ಬಿಡುತ್ತೇವೆ ಎಂದು ವ್ಯಾಪಾರಸ್ಥರು ಗೇಟಿಗೆ ಬೋರ್ಡು ಹಚ್ಚಿದರು. ಡ್ರೈವರರು ಸಿಟ್ಟಿಗೆದ್ದು ರಸ್ತೆಯುದ್ದಕ್ಕೂ ಲಾರಿ ನಿಲ್ಲಿಸಿ ಕೂತರು. ಹಿಮ ಬೀಳುವ ಯಾವುದೋ ದೇಶದಲ್ಲಿ ಲಾರಿಯವರು ಇದೇ ಮಾತಿಗೆ ರಸ್ತೆ ಕಟ್ಟಿ ಹಾರ್ನ್ ಹೊಡೆಯುತ್ತಿದ್ದಾರೆಂದು ಒಬ್ಬ ಹುರುಪಿನ ಡ್ರೈವರ ತನ್ನ ಫೋನನ್ನು ಅಕ್ಕನಿಗೆ ತೋರಿಸಿದ. ಅಕ್ಕ ಕಣ್ಣು ಕಿರಿದು ಮಾಡಿ ನೋಡಿದಳು.

“ಅಷ್ಟ ಥಂಡ್ಯಾಗ ಅವರಿಗೆ ಉಣ್ಣಾಕ ಯಾರ ಹಾಕ್ತಾರೋ?”

“ಅದನ್ಯಾಕ ಕೇಳ್ತೀರಿ ಅಕ್ಕಾರ, ಹೋರಾಟ ನೋಡ್ರಿ ಹೋರಾಟ!”

“ನಿಮ್ಮ ಹೋರಾಟ ನಾ ಒಪ್ಪಂಗಿಲ್ಲ,” ಎಂದು ಅಕ್ಕ ರವಿಕೆಯ ತೋಳು ಮೇಲಕ್ಕೆ ಸರಿಸಿದಳು. “ನೋಡ್ರೋ, ಇಲ್ಲೆ ಚುಚ್ಚಿದ್ರು. ನಾ ಸತ್ನೇನು? ಹಾಕಿಸ್ಕೊಳ್ರಿ, ಹೆಂಡ್ರು ಮಕ್ಕಳು ಅದಾವು.”

“ಜ್ವರಾ ಬರ್ತೈತಿ ಅಕ್ಕಾ. ಜ್ವರದಾಗ ಸ್ಟೇರಿಂಗ್ ಹ್ಯಾಂಗ ಹಿಡಿಯೂದು? ಮಲಗಿದ್ರ ಮಾಲೀಕ ಬ್ಯಾರೇದವನ್ನ ಕುಂದ್ರಸ್ತಾನ.”

“ಅದನ್ನ ಮಾಲೀಕಗ ಹೇಳ್ರಿ. ಹಾರ್ನ್ ಹೊಡದ ನನ್ನ ಕಿವಿ ಯಾಕ ಒಡೀತೀರಿ?” ಹೀಗೆ ಬೈಯುತ್ತಲೇ ರೊಟ್ಟಿ ಬಡಿಸುತ್ತಿದ್ದಳು.

ಊರು ಎರಡಾಯಿತು. ಕೆಲವರು ಡ್ರೈವರರಿಗೆ ಬಾಳೆಹಣ್ಣು ಕೊಟ್ಟು ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಬಹಳ ಜನ ಬೈದರು. ಕಡಲೆ ಚೀಲ ತುಂಬಿದ ಟ್ರ್ಯಾಕ್ಟರುಗಳು ಬಿಸಿಲಲ್ಲಿ ನಿಂತಿದ್ದವು. ನಲ್ಲಿಯ ಹತ್ತಿರ ಹೆಂಗಸರು ನನಗೆ ಕೇಳುವ ಹಾಗೆ, “ರೋಗ ಹಂಚಾಕ ಬಂದಾವ ಹಾಟ್ಯಾನವು. ಅಂಥವರಿಗೆ ಈ ಅಕ್ಕ ಬಿಸಿ ರೊಟ್ಟಿ ಹಾಕ್ತಾಳ” ಎನ್ನುತ್ತಿದ್ದರು. ನಾನು ಕೊಡ ಎತ್ತಿಕೊಂಡು ಬಂದುಬಿಡುತ್ತಿದ್ದೆ. ಲಾಕ್‌ಡೌನಿನಲ್ಲಿ ಲಾರಿಗಳು ದಿನಸಿ ತಂದಾಗ ಇದೇ ಜನ ಡ್ರೈವರರಿಗೆ ಕೈಮುಗಿದಿದ್ದರು.

ಒಂದು ಮಧ್ಯಾಹ್ನ ಡ್ರೈವರರ ಸಾಲು ಊಟಕ್ಕೆ ಕೂತಿತ್ತು. ನಿಮ್ಮ ಅಪ್ಪ ಮಾರ್ಕೆಟ್ಟಿನ ನಾಲ್ಕಾರು ಜನರ ಜೊತೆ ಒಳಗೆ ಬಂದ. ಒಬ್ಬನ ಕೈಯಲ್ಲಿ ಫೋನು ಮೇಲಕ್ಕೆ ಎತ್ತಿಯೇ ಇತ್ತು.

“ದೊಡ್ಡವ್ವಾ, ಇನ್ನ ಇವರಿಗೆ ಹಾಕಬ್ಯಾಡ.”

“ಯಾಕಪಾ?”

“ಹಸದ್ರ ತಾವ ಗಾಡಿ ತಗೀತಾರ. ನೀ ಹಾಕಿದ್ರ ಮಾರ್ಕೆಟ್ಟಿನ ಡಬ್ಬಿ ಒಂದೂ ನಿನ್ನ ಕಡೆ ಬರಂಗಿಲ್ಲ. ಎಲ್ಲಾ ಅಂಗಡ್ಯಾವರು ಮಾತಾಡ್ಯಾರ.”

ಅಂಗಡಿಯವರು ದಿನವೂ ಊಟ ತುಂಬಿಸಿಕೊಂಡು ಹೋಗುವ ಆ ಡಬ್ಬಿಗಳಿಂದಲೇ ಖಾನಾವಳಿ ನಡೆಯುತ್ತಿತ್ತು. ಅಕ್ಕ ಮಾತ್ರ, “ಬರಲಿಲ್ಲಂದ್ರ ಬ್ಯಾಡ. ನೀ ಉಂಡಿಯೇನು? ಮಾರಿ ಒಣಗೇತಿ, ಕುಂದ್ರು” ಅಂದಳು.

ಜೊತೆಗೆ ಬಂದವನೊಬ್ಬ ನಕ್ಕ. “ಮುಗೀತಲೇ! ಜಗಳಕ್ಕ ಬಂದಾವಗ ರೊಟ್ಟಿ ಹಾಕಿ ಕಳಸ್ತಾಳ.”

ನಿಮ್ಮ ಅಪ್ಪನ ಕಿವಿ ಕೆಂಪಾದವು. ಸಾಲಿನ ಕೊನೆಯಲ್ಲಿ ಒಬ್ಬ ಮುದುಕ ಡ್ರೈವರ ಕೂತಿದ್ದ. ಹಲ್ಲು ಕಡಿಮೆ, ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ನಿಧಾನ ಉಣ್ಣುತ್ತಿದ್ದ. ನಿಮ್ಮ ಅಪ್ಪ ಅವನ ಮುಂದೆ ಹೋಗಿ ನಿಂತ.

“ಏ ಯಜ್ಜಾ, ಸೂಜಿ ಹಾಕಿಸ್ಕೊಂಡಿಯೇನು?”

“ಇಲ್ಲೋ ತಮ್ಮಾ.”

“ಯಾಕ?”

“ಅಂಜಿಕಿ ಬರ್ತೈತಿ.”

ಜೊತೆಗೆ ಬಂದವರು ಹೋ ಎಂದು ನಕ್ಕರು. ನಿಮ್ಮ ಅಪ್ಪ ನಗಲಿಲ್ಲ. “ನಮ್ಮ ಮಾವ ಉಸರ ಸಿಗದ ಹ್ಯಾಂಗ ಅಂಜಿದ್ದ ಗೊತ್ತೈತೇನು ನಿನಗ?” ಎಂದವನೇ ಬಗ್ಗಿ ಆ ಮುದುಕನ ಮುಂದಿನ ತಾಟು ಕಸಿದು ಬಾಗಿಲಾಚೆ ಎಸೆದ. ಅದು ರಸ್ತೆಯ ಮೇಲೆ ಗಿರ್ರನೆ ತಿರುಗಿ ಬಿತ್ತು. ಹೊರಗಿದ್ದವರು ಭೇಷ್ ಎಂದು ಕೂಗಿದರು, ಅವನ ಹೆಗಲ ಮೇಲೆ ಕೈಹಾಕಿ ಕರೆದುಕೊಂಡು ಹೋದರು.

ಇಷ್ಟನ್ನು ನೀವು ಫೋನಿನಲ್ಲಿ ನೋಡಿದ್ದೀರಿ. ಮೊನ್ನೆ ಗೆಳೆಯರಿಗೆ ತೋರಿಸಿ “ನಮ್ಮಪ್ಪ!” ಎಂದು ಕುಣಿದಿರಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಮುಂದೆ ಏನಾಯಿತೆಂದು ಆ ವಿಡಿಯೋದಲ್ಲಿ ಇಲ್ಲ.

ಹರೆಯದ ಡ್ರೈವರರು ಎದ್ದು ಬಾಗಿಲಿಗೆ ನುಗ್ಗಿದರು. ಅಕ್ಕ ಎರಡೂ ಕೈ ಅಗಲಿಸಿ ಬಾಗಿಲಲ್ಲಿ ನಿಂತಳು.

“ದಾರಿ ಬಿಡ್ರಿ ಅಕ್ಕಾರ, ಅವನ ಕೈ ಮುರೀತೀವಿ.”

“ಆ ಕೈಗೆ ತುತ್ತು ಹಿಡಿಯೂದ ಕಲಿಸಿದಾಕಿ ನಾನ. ಮುರಿಯೂದಿದ್ರ ನಂದ ಮುರೀರಿ.”

ಅವರು ಅಲ್ಲೇ ನಿಂತರು. ಆಕೆ ತಿರುಗಿ ಬಂದು ಮುದುಕನ ಮುಂದೆ ಮೊಣಕಾಲೂರಿದಳು. ಸೆರಗನ್ನು ಎರಡೂ ಕೈಯಿಂದ ಹಿಡಿದು ಅವನ ಮುಂದೆ ಒಡ್ಡಿದಳು.

“ಯಪ್ಪಾ, ನನ್ನ ಮನಿ ಹುಡುಗ ಅಂವ. ಅವನ ತಪ್ಪ ಹೊಟ್ಟ್ಯಾಗ ಹಾಕ್ಕೋ.”

ಮುದುಕ ಎಂಜಲು ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಹಿಡಿದಿದ್ದ. “ಏಳವಾ, ಏಳು. ನನ್ನ ಮಗಾನೂ ಹಿಂಗ ಸಿಟ್ಟಿನವನ” ಅಂದ. ಆದರೆ ಮತ್ತೆ ಉಣ್ಣಲು ಕೂಡಲಿಲ್ಲ. ಕೈತೊಳೆದು ಹೋದ. ಅಕ್ಕ ರಸ್ತೆಗೆ ಹೋಗಿ ರೊಟ್ಟಿಯ ಚೂರುಗಳನ್ನು ಒಂದೊಂದಾಗಿ ಆರಿಸಿಕೊಂಡು ಬಂದಳು. ಉರಿಯುವ ಒಲೆಗೆ ನೀರು ಸುರಿದಳು. ನಡುಮಧ್ಯಾಹ್ನ ಆ ಒಲೆ ಆರಿದ್ದನ್ನು ನಾನು ಕಂಡದ್ದು ಅದೇ ಮೊದಲು.

ನಾನು ಹಿಟ್ಟಿನ ಕೈಯಲ್ಲೇ ಕೂತಿದ್ದೆ. ಹೆತ್ತವಳು ನಾನು, ಸೆರಗೊಡ್ಡಿದವಳು ಆಕೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆಕೆ ನನ್ನ ಕೈಗೆ ನೀರು ಹನಿಸಿದಳು. “ತೊಳಕೋ, ಹಿಟ್ಟು ಒಣಗೇತಿ. ಮತ್ತ ಈ ಮಾತ ಅವನ ಮುಂದ ಹೇಳಬ್ಯಾಡ. ಮಾವನ ಸಂಕಟದಾಗ ಅದಾನ.”

ಸಂಜೆ ನಮ್ಮ ಮನೆಗೆ ಜನ ಬಂದರು. “ಚಲೋ ಮಗನ್ನ ಹಡದೀರಿ” ಎಂದು ಪೇಡೆ ಕೊಟ್ಟರು. ನರಗುಂದದ ನೆಂಟರು ಫೋನು ಮಾಡಿ ಹೊಗಳಿದರು. ಹಾಗೆ ಬಂದವರಿಗೆಲ್ಲ ನಾನು ಚಹಾ ಮಾಡಿ ಕೊಟ್ಟೆ. ತಲೆ ಎತ್ತಲಿಲ್ಲ. ಮಗನ ಹೊಗಳಿಕೆಗೆ ನಾಚಿಕೊಂಡಿದ್ದಾಳೆ ಎಂದುಕೊಂಡರು.

ಆಮೇಲೆ ಮಾಲೀಕರು ಸೂಜಿ ಹಾಕಿಸಿಕೊಂಡವರಿಗೆ ಜ್ವರ ಇಳಿಯುವವರೆಗೆ ರಜೆ ಕೊಡಲು ಒಪ್ಪಿದರು. ಗೇಟಿನ ಹತ್ತಿರ ಬೇವಿನ ಗಿಡದ ಕೆಳಗೆ ನರ್ಸಮ್ಮ ಮೇಜು ಹಾಕಿಕೊಂಡು ಕೂತಳು. ಆ ಮುದುಕನ ಸರದಿ ಬಂದಾಗ ಅಕ್ಕ ಪಕ್ಕದಲ್ಲಿ ನಿಂತು, “ಈ ಕಡೆ ನೋಡು, ನನ್ನ ಮಾರಿ ನೋಡು” ಎನ್ನುತ್ತ ಅವನ ಇನ್ನೊಂದು ಕೈ ಹಿಡಿದಿದ್ದಳು. ಅದನ್ನು ಯಾರೂ ಫೋನಿನಲ್ಲಿ ಹಿಡಿಯಲಿಲ್ಲ.

ಲಾರಿಗಳು ಹೋದವು. ಮಾರ್ಕೆಟ್ಟಿನ ಡಬ್ಬಿಗಳು ಮರಳಿ ಬರಲಿಲ್ಲ. ವಿಡಿಯೋ ನೋಡಿದವರು ಅದು ರೋಗದವರ ಖಾನಾವಳಿ ಎಂದು ದಾಟಿ ಹೋಗುತ್ತಿದ್ದರು. ಯುಗಾದಿಗೆ ಮೊದಲೇ ಅಕ್ಕ ಬಾಗಿಲು ಹಾಕಿ ಸೂಡಿಯಲ್ಲಿದ್ದ ತಂಗಿಯ ಮನೆಗೆ ಹೊರಟಳು. ಬಸ್ಸು ಹತ್ತುವಾಗ, “ಮೊಣಕಾಲ ನೋಯ್ತಾವ, ಸಾಕಾತು” ಎಂದು ನನಗೆ ಹೇಳಿದಳು.

ಆ ರಾತ್ರಿ ನಾನು ಆಕೆಯ ಮಾತು ಮೀರಿದೆ. ನಿಮ್ಮ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಗೋಡೆಗೆ ಒರಗಿ ಕೂತ. “ದೊಡ್ಡವ್ವ ಕಾಲಿಗೆ ಬಿದ್ದಳೇನು?” ಎಂದು ಮತ್ತೆ ಮತ್ತೆ ಕೇಳಿದ. ಮರುದಿನ ವಿಡಿಯೋ ಅಳಿಸಿರೆಂದು ಗೆಳೆಯರನ್ನು ಬೇಡಿಕೊಂಡ. “ಯಾಕಲೇ, ಹೀರೋ ಆಗೂದು ಸಾಕಾತೇನು?” ಎಂದು ಅವರು ನಕ್ಕರಂತೆ.

ಒಂದು ಭಾನುವಾರ ಬೈಕಿನಲ್ಲಿ ನನ್ನನ್ನು ಹಿಂದೆ ಕೂರಿಸಿಕೊಂಡು ಸೂಡಿಗೆ ಹೋದ. ತಪ್ಪಾಯಿತೆಂದು ಕೇಳಲೆಂದೇ ಹೋದದ್ದು. ಅಕ್ಕ ಕಟ್ಟೆಯ ಮೇಲೆ ಮೆಂತ್ಯ ಸೊಪ್ಪು ಸೋಸುತ್ತಿದ್ದಳು. ಅವನನ್ನು ಕಂಡದ್ದೇ ಅರಳಿದಳು. ಮಕ್ಕಳು ಹೇಗಿದ್ದಾರೆ, ಸಣ್ಣವನ ಬಿದ್ದ ಹಲ್ಲು ಮತ್ತೆ ಬಂದವೇ, ನಿನ್ನ ಹೊಟ್ಟೆ ಯಾಕೆ ಮುಂದೆ ಬಂದಿದೆ, ಹೀಗೆ ಕೇಳುತ್ತಲೇ ಇದ್ದಳು. ಅವನು ಎರಡು ಸಲ “ದೊಡ್ಡವ್ವಾ” ಅಂದ, ಎರಡೂ ಸಲ ಸೊಪ್ಪಿನ ಕಡ್ಡಿ ಎತ್ತಿಕೊಂಡು ತಾನೂ ಸೋಸತೊಡಗಿದ. ಹೊರಡುವಾಗ ಆಕೆ ಗರಿಗರಿ ಕಟಕ ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿ ಕೊಟ್ಟಳು. ದಾರಿಯಲ್ಲಿ ಅವನು ಬೈಕು ನಿಲ್ಲಿಸಿ, “ಬಾಯಿ ಬರಲಿಲ್ಲವಾ. ಮುಂದಿನ ಸಲ ಕೇಳ್ತೀನಿ” ಅಂದ. ಆ ರೊಟ್ಟಿಯನ್ನು ನೀವೇ ತಿಂದಿರಿ.

ಮುಂದಿನ ಸಲ ನಾವು ಹೋದದ್ದು ಆಕೆಯ ಮಣ್ಣಿಗೆ. ಮಲಗಿದಲ್ಲೇ ಹೋಗಿದ್ದಳು. ಪದ್ಧತಿಯಂತೆ ಆಕೆಯನ್ನು ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂಡಿಸಿದ್ದರು, ಭಜನೆ ನಡೆದಿತ್ತು. ನಿಮ್ಮ ಅಪ್ಪ ಹಾರ ಹಾಕಿ ಹಿಂದೆ ಸರಿಯುತ್ತಿದ್ದಾಗ ಆ ಊರಿನವನೊಬ್ಬ ಅವನ ಮುಖವನ್ನೇ ನೋಡಿ ಹತ್ತಿರ ಬಂದ. ಬೆನ್ನು ತಟ್ಟಿದ.

“ನೀವಲ್ಲೇನ್ರಿ ಆ ಡ್ರೈವರನ ತಾಟ ಕಸಕೊಂಡವರು? ವಿಡಿಯೋದಾಗ ನೋಡೇನಿ. ಭಾರಿ ಮಾಡಿದ್ರಿ ಬಿಡ್ರಿ!”

ನಾಲ್ಕು ಜನ ತಿರುಗಿ ನೋಡಿದರು. ಅಕ್ಕ ಎದುರಿಗೇ ಕೂತಿದ್ದಳು. ನಾನು ನಿಮ್ಮ ಅಪ್ಪನ ತೋಳು ಹಿಡಿದೆ, ಹೊರಗೆ ಕರೆದುಕೊಂಡು ಹೋಗೋಣವೆಂದು. ಅವನು ಬಿಡಿಸಿಕೊಂಡ.

“ಹೌದ್ರಿ, ನಾನ,” ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. “ಆ ಖಾನಾವಳಿ ಈಕೀದರಿ. ನಾ ತಾಟ ಒಗದ ಹೋದೆ. ಈಕಿ ಆ ಮುದುಕನ ಮುಂದ ಸೆರಗೊಡ್ಡಿ ನನ್ನ ಸಲುವಾಗಿ ಬೇಡ್ಕೊಂಡ್ಳು. ನನ್ನಿಂದ ಈಕಿ ಬಾಗಿಲ ಹಾಕಬೇಕಾತು. ತಪ್ಪಾತು ಅನ್ನಾಕ ಬಂದಿದ್ದೆ, ಅನ್ನದ ಹೋದೆ.” ಆಮೇಲೆ ಅಕ್ಕನ ಕಡೆ ತಿರುಗಿದ. “ದೊಡ್ಡವ್ವಾ, ತಪ್ಪಾತು.”

ಭಜನೆಯ ತಾಳ ನಿಂತಿತು. ಬೆನ್ನು ತಟ್ಟಿದವನು ಕೈ ಹಿಂದಕ್ಕೆ ತೆಗೆದುಕೊಂಡ. ಅಕ್ಕನ ತಂಗಿ ಅಳುವುದನ್ನು ನಿಲ್ಲಿಸಿ ನಿಮ್ಮ ಅಪ್ಪನನ್ನು ನೋಡಿದಳು. ಅವಳಿಗೆ ಇದಾವುದೂ ಗೊತ್ತಿರಲಿಲ್ಲ. ಅಕ್ಕ ತಂಗಿಗೂ ಹೇಳಿರಲಿಲ್ಲ.

ಇದನ್ನು ಬರೆಯುವ ಮೊದಲು ನಿಮ್ಮ ಅಪ್ಪನನ್ನು ಕೇಳಿದೆ. “ಬರಿ ಅವ್ವಾ, ನಾ ಹೇಳಾಕ ಹೋದ್ರ ಮತ್ತ ಬಾಯಿ ಕಟ್ಟತೈತಿ” ಅಂದ. ಸೂಜಿಯ ವಿಷಯದಲ್ಲಿ ಅವನು ಹೇಳಿದ್ದು ಸರಿಯೇ ಇತ್ತು, ಅಕ್ಕನೂ ಅದನ್ನೇ ಹೇಳುತ್ತಿದ್ದಳು. ಊರು ಅವನನ್ನು ಹೊಗಳಿದ್ದು ಮಾತ್ರ ಅದಕ್ಕಲ್ಲ, ಉಣ್ಣುವವನ ತಾಟು ಕಸಿದದ್ದಕ್ಕೆ. ಆ ವಿಡಿಯೋ ಇನ್ನೂ ಎಷ್ಟೋ ಜನರ ಹತ್ತಿರ ಇದೆ. ನಾಳೆ ಯಾರಾದರೂ ನಿಮಗೆ ಅದನ್ನು ತೋರಿಸಿ ನಕ್ಕರೆ, ನಮ್ಮ ಮನೆಯವರಿಗಾಗಿ ಅಕ್ಕ ಒಬ್ಬಳೇ ಮೊಣಕಾಲೂರಿದ್ದಳೆಂದು ಅವರಿಗೂ ಹೇಳಿ. ಅವತ್ತು ನಾನು ಎದ್ದು ಹೋಗಿ ಆಕೆಯ ಪಕ್ಕದಲ್ಲಿ ಕೂಡಬೇಕಾಗಿತ್ತು.