ಬೀಗಿತ್ತಿಯ ಸೂಜಿಗೆ ಸಿಕ್ಕ ಸವಾರ

ಕಿರ್ಗಿಜರ ಓಶ್ ಸೀಮೆಯಲ್ಲಿ ಒಮುರ್ಜಾಕನನ್ನು ಕುದುರೆಯಿಂದ ಕೆಡವಿದವರು ಹುಟ್ಟಿರಲಿಲ್ಲ. ಮೇಕೆಯ ಮುಂಡಕ್ಕಾಗಿ ಸವಾರರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಕಿತ್ತಾಡುವ ಉಲಾಕ್ ಆಟದಲ್ಲಿ ಅವನು ಮುಂದಿನ ಹಲ್ಲು ಕಳೆದುಕೊಂಡಿದ್ದ, ಕಿವಿಯ ತುದಿ ಕಳೆದುಕೊಂಡಿದ್ದ. ಜೀನು ಮಾತ್ರ ಬಿಟ್ಟಿರಲಿಲ್ಲ. ಅರವತ್ತು ದಾಟಿದ ಮೇಲೂ ಹರೆಯದವರು ಅವನ ಕುದುರೆ ಕಂಡರೆ ದಾರಿ ಬಿಡುತ್ತಿದ್ದರು, ಗೌರವಕ್ಕೋ ಬೈಗುಳದ ಭಯಕ್ಕೋ ಹೇಳುವುದು ಕಷ್ಟ. ಅಂಥ ವೀರನನ್ನು ಕೊನೆಗೆ ಅಂಗಾತ ಮಲಗಿಸಿದ್ದು ಮರ್ಯಾದೆ.

ಎದೆನೋವೆಂದು ನಗರದ ಆಸ್ಪತ್ರೆಗೆ ಹೋದವನ ತೊಡೆಸಂದಿಯ ರಕ್ತನಾಳದೊಳಗೆ ತೆಳು ನಳಿಕೆ ತೂರಿಸಿ ಹೃದಯ ನೋಡಿದರು. ಹೃದಯ ಚೆನ್ನಾಗಿಯೇ ಇತ್ತು. ಸ್ವಲ್ಪ ದಿನ ಮಲಗಿರು, ಭಾರ ಎತ್ತಬೇಡ, ಕುದುರೆ ಹತ್ತಬೇಡ ಎಂದು ಹೇಳಿ ಕಳಿಸಿದರು. ಕುದುರೆಯನ್ನೇನೋ ಅವನು ಹತ್ತಲಿಲ್ಲ, ಪಾಪ. ಆದರೆ ಮರುದಿನವೇ ಬೀಗ ಜೂಮಾರ್ತ್ ಕ್ಷೇಮ ವಿಚಾರಿಸಲು ಬಂದ. ಬೀಗರು ಬಂದಾಗ ಮಲಗಿರುವವನು ಕಿರ್ಗಿಜನೇ ಅಲ್ಲ. ಒಮುರ್ಜಾಕ್ ಎದ್ದ, ಕುರಿ ಕೊಯ್ಯಿಸಿದ, ಉಣಿಸಿದ, ಹೊರಡುವಾಗ ಅಂಗಳದವರೆಗೂ ನಡೆದ. ಬೀಗರನ್ನು ಕುದುರೆ ಹತ್ತಿಸದೆ ಕಳಿಸುವುದುಂಟೆ? ಜೂಮಾರ್ತನ ಮೈಯಲ್ಲಿ ಹೊಟ್ಟೆಯೇ ದೊರೆ, ಉಳಿದದ್ದೆಲ್ಲ ಅದರ ಪರಿವಾರ. ಒಮುರ್ಜಾಕ್ ಅವನ ಕಂಕುಳಿಗೆ ಕೈಕೊಟ್ಟು, ದಮ್ಮು ಕಟ್ಟಿ, ಆ ಸಾಮ್ರಾಜ್ಯವನ್ನು ಎತ್ತಿ ಜೀನಿನ ಮೇಲೆ ಸ್ಥಾಪಿಸಿದ. ಕುದುರೆ ನಿಟ್ಟುಸಿರು ಬಿಟ್ಟಿತು. ಇವನ ತೊಡೆಸಂದಿಯಲ್ಲಿ ಏನೋ ಬೆಚ್ಚಗೆ ಹರಿದಂತಾಯಿತು.

ವಾರ ಕಳೆಯುವಷ್ಟರಲ್ಲಿ ಅಲ್ಲಿ ಏಪ್ರಿಕಾಟ್ ಹಣ್ಣಿನ ಗಾತ್ರದ ಗಂಟು ಎದ್ದು, ಎರಡನೆಯ ಹೃದಯದಂತೆ ಮಿಡಿಯತೊಡಗಿತು. ಹೆಂಡತಿ ಸಾಯ್ರಾಕುಲ್ ಒಮ್ಮೆ ಮುಟ್ಟಿ ನೋಡಿದವಳೇ ಅವನನ್ನು ಕಾರಿಗೆ ತುಂಬಿದಳು. ಆಸ್ಪತ್ರೆಯ ಹೃದಯದ ವೈದ್ಯರು ಬಿಡಿಸಿ ಹೇಳಿದರು: ನಳಿಕೆ ಹೊಕ್ಕ ತೂತು ಮುಚ್ಚಿಕೊಂಡಿಲ್ಲ, ರಕ್ತ ಸೋರಿ ಪಕ್ಕದಲ್ಲಿ ಚೀಲ ಕಟ್ಟಿದೆ. ಒಡೆದರೆ ಪ್ರಾಣಕ್ಕೆ ಅಪಾಯ. ಕೊಯ್ದು ಹೊಲಿದರೆ ಈ ಬೇಸಿಗೆ ಜೀನಿನ ಆಸೆ ಬಿಡಬೇಕು, ಈ ವಯಸ್ಸಿಗೆ ಆಮೇಲಿನದೂ ಖಾತ್ರಿಯಿಲ್ಲ. ಇನ್ನೊಂದು ದಾರಿಯಿದೆ, ಸ್ಕ್ಯಾನಿಂಗ್‌ನಲ್ಲಿ ನೋಡುತ್ತ ಆ ಚೀಲಕ್ಕೆ ಸೂಜಿಯಿಂದ ರಕ್ತ ಹೆಪ್ಪುಗಟ್ಟಿಸುವ ಮದ್ದು ಬಿಡುವುದು. ಅದರಲ್ಲಿ ಪಳಗಿದ ಕೈ ಬುರುಲ್ಚಾ ಡಾಕ್ಟರದು.

ಒಮುರ್ಜಾಕನ ಮುಖ ಸುಣ್ಣವಾಯಿತು. ಬುರುಲ್ಚಾ ಎಂದರೆ ಜೂಮಾರ್ತನ ಹೆಂಡತಿ, ತನ್ನ ಸೊಸೆಯ ತಾಯಿ, ಸಾಕ್ಷಾತ್ ಬೀಗಿತ್ತಿ. ಮದುವೆಯಲ್ಲಿ ಸಂಪ್ರದಾಯದ ನೆಪದಲ್ಲಿ ಕುರಿಬಾಲದ ಕೊಬ್ಬನ್ನು ಅವಳ ಬಾಯಿಗೆ ಮುಷ್ಟಿಗಟ್ಟಲೆ ತುರುಕಿ, ಮಾತು ಹೊರಡದಂತೆ ಮಾಡಿ ಊರನ್ನು ನಗಿಸಿದವನು ಇವನೇ. ಈಗ ಅವಳೆದುರು ಚಲ್ಲಣ ಬಿಚ್ಚುವುದೇ? ಸೂಜಿ ಬೇಡ, ಕೊಯ್ದೇಬಿಡಿ ಎಂದು ಹಟ ಹಿಡಿದ.

"ಸತ್ಮೇಲೆ ಹೆಣ ತೊಳೆಯೋರ ಮುಂದೆನೂ ಹಿಂಗೇ ನಾಚ್ಕೋತೀರಾ?" ಎಂದಳು ಸಾಯ್ರಾಕುಲ್. "ಬಿಚ್ಚಿ ಸುಮ್ನೆ."

ಬಿಚ್ಚಿದ. ಮೇಜಿನ ಮೇಲೆ ಮಲಗಿ, ಕಲ್ಪಾಕ್ ಟೋಪಿಯನ್ನು ಮುಖದ ಮೇಲೆ ಎಳೆದುಕೊಂಡ.

"ಮುಚ್ಕೋಬೇಕಾದ ಜಾಗ ಅದಲ್ಲ ಬೀಗ್ರೆ," ಬುರುಲ್ಚಾಳ ದನಿ ಕೇಳಿತು. "ಇರ್ಲಿ ಬಿಡಿ, ಉಳಿದದ್ದಕ್ಕೆ ನಾನೇ ಬಟ್ಟೆ ಹೊದಿಸ್ತೀನಿ."

ತಣ್ಣನೆಯ ಅಂಟು ಸವರಿ ಅವಳು ಸ್ಕ್ಯಾನಿಂಗ್ ಯಂತ್ರದ ಹಿಡಿಕೆಯನ್ನು ಗಂಟಿನ ಮೇಲೆ ಊರಿದಳು. ಪರದೆಯ ಮೇಲೆ ಚೀಲದೊಳಗೆ ಕೆಂಪು ನೀಲಿ ಸುಳಿ ಗಿರಗಿರನೆ ತಿರುಗುತ್ತಿತ್ತು. ಏನು ಎತ್ತಿದ್ರಿ ಎಂದು ಕೇಳಿದಳು. ಅತಿಥಿಯ ಮೇಲೆ ತಪ್ಪು ಹೊರಿಸುವುದು ಹೇಗೆ? ಹಿಟ್ಟಿನ ಮೂಟೆ ಎಂದ.

"ಆ ಮೂಟೆ ಮನೆಗ್ ಬಂದು, ಬೀಗ್ರು ನನ್ನನ್ನ ಹೂವಿನ್ ಥರ ಎತ್ತಿ ಕೂರ್ಸಿದ್ರು ಅಂತ ಬೀದಿಗೆಲ್ಲ ಹೇಳ್ಕೊಂಡ್ ಬಂತು."

ಒಮುರ್ಜಾಕ್ ಟೋಪಿಯನ್ನು ಗದ್ದದವರೆಗೂ ಎಳೆದುಕೊಂಡ. ಅವಳ ದನಿ ಇಳಿಯಿತು. ಮದ್ದು ಚೀಲದಲ್ಲೇ ನಿಲ್ಲಬೇಕು, ರಕ್ತನಾಳಕ್ಕೆ ಜಾರಿದರೆ ಕಾಲಿನ ರಕ್ತವೇ ಗಟ್ಟಿಯಾದೀತು ಎಂದಳು. "ನಗಬೇಡಿ, ಕೆಮ್ಮಬೇಡಿ, ಅಲ್ಲಾಡಬೇಡಿ. ನಾನೂ ಇನ್ನು ತಮಾಷೆ ಮಾಡಲ್ಲ."

ಉಲಾಕ್ ಮೈದಾನದಲ್ಲಿ ಬೆದರದವನು ಈ ಮಾತಿಗೆ ಬೆದರಿದ. ಬೀಗಿತ್ತಿ ತಮಾಷೆ ನಿಲ್ಲಿಸಿದಳೆಂದರೆ ವಿಷಯ ಗಂಭೀರವೇ. ಉಸಿರು ಹಿಡಿದ. ಸೂಜಿಯ ಮೊನೆ ಪರದೆಯಲ್ಲಿ ಬೆಳ್ಳಗೆ ಮಿನುಗಿತು. ಅವಳು ಮದ್ದನ್ನು ಹನಿಹನಿಯಾಗಿ ಬಿಟ್ಟಳು. ಸುಳಿ ತಡವರಿಸಿತು, ನಿಂತಿತು, ನೀರು ಚೆಲ್ಲಿದ ಒಲೆಯಂತೆ ಕಪ್ಪಾಯಿತು. ಬುರುಲ್ಚಾ ಅವನ ಪಾದದ ಮೇಲೆ ಬೆರಳಿಟ್ಟು ನಾಡಿ ಹುಡುಕಿದಳು. ಬಹಳ ಹೊತ್ತು ಹುಡುಕಿದಳೆಂದೇ ಅವನಿಗೆ ಅನ್ನಿಸಿತು.

"ಇದೆ," ಎಂದಳು.

ಸಂಜೆಯವರೆಗೆ ತಲೆಯನ್ನೂ ಎತ್ತಕೂಡದು, ಎದ್ದರೆ ಗಂಟು ಮತ್ತೆ ಬಾಯಿಬಿಟ್ಟೀತು, ಆಗ ಮುಂದಿನದು ಚಾಕುವೇ ಎಂದು ಆಜ್ಞೆಯಾಯಿತು. ವಾರ್ಡಿಗೆ ತಂದು ಮಲಗಿಸಿದ ಸ್ವಲ್ಪ ಹೊತ್ತಿಗೇ ಬಾಗಿಲು ತುಂಬ ಜೂಮಾರ್ತ್ ಕಾಣಿಸಿಕೊಂಡ. ಒಮುರ್ಜಾಕನ ಮೊಣಕೈಗಳು ತಮ್ಮಷ್ಟಕ್ಕೆ ಹಾಸಿಗೆ ಒತ್ತಿದವು. ಹುಟ್ಟಿದಂದಿನಿಂದ ಕಲಿತ ಮೈ, ಅದು ಡಾಕ್ಟರ ಮಾತು ಕೇಳೀತೆ? ಹಲ್ಲು ಕಚ್ಚಿ ಅವನ್ನು ಮತ್ತೆ ಚಾಚಿದ. ಜನ್ಮದಲ್ಲಿ ಅಷ್ಟು ಕಷ್ಟದ ಕುದುರೆಯನ್ನು ಅವನು ಹಿಡಿದಿರಲಿಲ್ಲ.

"ಏಳಕ್ಕಾಗಲ್ಲ ಬೀಗ್ರೆ. ತಪ್ಪು ತಿಳ್ಕೋಬೇಡಿ," ಎಂದ.

ಜೂಮಾರ್ತ್ ನಿಂತು ಯೋಚಿಸಿದ. ಮಲಗಿದ ಬೀಗನ ನೆತ್ತಿಯ ಮೇಲೆ ನಿಲ್ಲುವುದು ಅವನಿಗೂ ಅವಮರ್ಯಾದೆಯೇ. ಬೂಟು ಕಳಚಿ, ಪಕ್ಕದ ಖಾಲಿ ಮಂಚದ ಮೇಲೆ ತಾನೂ ಅಂಗಾತ ಮಲಗಿಬಿಟ್ಟ. ಮಂಚ ಚೀರಿತು.

"ಈಗ ಸಮ ಆಯ್ತು. ಹೇಳಿ, ಮನೆಮಂದಿ, ಕುರಿ, ಕುದುರೆ ಎಲ್ಲಾ ಕ್ಷೇಮನಾ?"

ಸಂಜೆ ಬುರುಲ್ಚಾ ಯಂತ್ರ ತಳ್ಳಿಕೊಂಡು ಬಂದಾಗ ಇಬ್ಬರೂ ಚಾವಣಿಯತ್ತ ಮುಖ ಮಾಡಿ, ಯಾವುದೋ ಮರಿಗುದುರೆಯ ಅಪ್ಪ ಯಾರೆಂದು ವಾದಿಸುತ್ತಿದ್ದರು. ಪರದೆಯಲ್ಲಿ ಚೀಲ ಕಪ್ಪಗೆ, ಸುಮ್ಮನೆ ಇತ್ತು. ರೋಗಿಯನ್ನು ಏಳಿಸಲು ಅವಳಿಗೆ ಕಷ್ಟವಾಗಲಿಲ್ಲ. ಗಂಡನನ್ನು ಏಳಿಸಲು ಇಬ್ಬರು ನರ್ಸ್‌ಗಳನ್ನು ಕರೆಯಬೇಕಾಯಿತು.