ಮಾವನ ಸ್ಟುಡಿಯೋಗೆ ಯಾವ ಪೆಟ್ಟಿಗೆ

ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣವೇ ಬೇಕೆಂದಿಲ್ಲ. ಮನೆಮಂದಿಯೆಲ್ಲ "ಏಣಿ" ಎಂದು ಕರೆಯುತ್ತಿದ್ದ ನಮ್ಮ ಈ ಮನುಷ್ಯನಿಗೆ ಅದು ಒಂದೇ ಒಂದು ಮಾತಿನಿಂದ ಹತ್ತಿಕೊಂಡಿತು. ಅಂಗಡಿಗೆ ಬಂದ ಯಾರಿಗೋ ಮಾವ, "ತಡೀರಿ, ನಮ್ಮ ಕಿರಿ ಅಳಿಯನ್ನ ಒಂದು ಮಾತು ಕೇಳಿ ಹೇಳ್ತೀನಿ" ಎಂದುಬಿಟ್ಟರು. ಹಿರಿಯ ಅಳಿಯನಾದ ಏಣಿ ಪಕ್ಕದ ಸ್ಟೂಲಿನಲ್ಲೇ ಕೂತಿದ್ದ. ಅವನನ್ನು ಯಾರೂ ಅರ್ಧ ಮಾತೂ ಕೇಳಲಿಲ್ಲ.

ಹದಿನೆಂಟು ವರ್ಷದಿಂದ ಅವನು ಊರಿನ ಅಂಗಡಿ, ಗೋದಾಮು, ಶಾಲೆಗಳಿಗೆ ಕ್ಯಾಮೆರಾ ಕೂರಿಸುತ್ತಿದ್ದ. ಸ್ಕೂಟರಿಗೆ ಮಡಚುವ ಏಣಿ ಕಟ್ಟಿಕೊಂಡು ಹೊರಟರೆ ಸಂಜೆ ತಲೆತುಂಬ ಸುಣ್ಣದ ಪುಡಿಯೊಂದಿಗೆ ಮನೆಗೆ ಬರುವವನು. ಗೋಡೆ ತಟ್ಟಿ ನೋಡಿ ಎಲ್ಲಿ ಕೊರೆದರೆ ಇಟ್ಟಿಗೆ ಒಡೆಯುತ್ತದೆ ಎಂದು ಹೇಳಬಲ್ಲ. ಆದರೆ ಅವನ ಷಡ್ಡಕ, ಆ ಕಿರಿ ಅಳಿಯ, ಒಂದು ಕಚೇರಿಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಅಂಗಿಯ ಇಸ್ತ್ರಿ ಕೆಡದಂತೆ ಕೂತಲ್ಲೇ ಕೆಲಸ. ಅವನು ಬಾಯಿ ಬಿಟ್ಟರೆ ಮಾವ ಕನ್ನಡಕ ತೆಗೆದು ಕೇಳುತ್ತಿದ್ದರು.

ಮಾವನದು ಫೋಟೋ ಸ್ಟುಡಿಯೋ. ಗಾಜಿನ ಕಪಾಟಿನಿಂದ ಎರಡು ಲೆನ್ಸ್ ಮಾಯವಾದ ಮೇಲೆ ನಾಲ್ಕು ಕ್ಯಾಮೆರಾ ಹಾಕಿಸುವ ಮನಸ್ಸು ಮಾಡಿದರು. ಅವು ಕಂಡದ್ದನ್ನೆಲ್ಲ ಯಾವ ಪೆಟ್ಟಿಗೆಯಲ್ಲಿ ತುಂಬಿಡುವುದು ಎಂಬ ಪ್ರಶ್ನೆಗೆ ಇಬ್ಬರು ಅಳಿಯಂದಿರನ್ನೂ ಕರೆಸಿದರು.

"ರೆಕಾರ್ಡರ್ ಹಾಕ್ಸಿ ಮಾವ," ಎಂದ ಏಣಿ. "ಕ್ಯಾಮೆರಾಕ್ಕೆ ಅಂತಲೇ ಮಾಡಿದ್ದು. ತಂತಿ ಸಿಕ್ಕಿಸಿದ್ರೆ ಆಯ್ತು. ತುಂಬಿದ ಮೇಲೆ ಹಳೇದನ್ನ ತಾನೇ ಅಳಿಸ್ಕೊಂಡು ಹೋಗತ್ತೆ."

"ಅದೇ ನೋಡಿ, ಅದು ಬೇರೇನೂ ಮಾಡಲ್ಲ," ಎಂದ ಷಡ್ಡಕ ಮೆಲ್ಲಗೆ. "ನಿಮ್ಮ ಮೂವತ್ತೈದು ವರ್ಷದ ನೆಗೆಟಿವ್‌ಗಳನ್ನ ಸ್ಕ್ಯಾನ್ ಮಾಡಿ ಎಲ್ಲಿಡ್ತೀರಿ ಮಾವ? ನೆಟ್‌ವರ್ಕ್ ಸ್ಟೋರೇಜ್ ಅನ್ನೋ ಪೆಟ್ಟಿಗೆ ತಗೊಂಡ್ರೆ ಫೋಟೋನೂ ಅದರಲ್ಲೇ, ಕ್ಯಾಮೆರಾನೂ ಅದರಲ್ಲೇ."

ನೆಗೆಟಿವ್ ಎಂಬ ಮಾತು ಬಂದದ್ದೇ ತಡ, ಮಾವ ಕರಗಿ ನೀರಾದರು. ಏಣಿಯ ಮಾತು ಅಲ್ಲಿಗೆ ಮುಗಿಯಿತು. ಗೋಡೆ ಕೊರೆದದ್ದು, ತಂತಿ ಎಳೆದದ್ದು, ಕ್ಯಾಮೆರಾ ಕೂರಿಸಿದ್ದು ಇವನು. ಮೇಜಿನ ಮೇಲೆ ಪೆಟ್ಟಿಗೆ ಇಟ್ಟು ಎರಡು ಡಿಸ್ಕ್ ತಳ್ಳಿ ಶಹಬ್ಬಾಸ್ ಅನ್ನಿಸಿಕೊಂಡದ್ದು ಅವನು. ಆ ರಾತ್ರಿ ಊಟಕ್ಕೆ ಕೂತಾಗ ಹೆಂಡತಿ, "ರೀ, ಬಿಡ್ರಿ, ಪೆಟ್ಟಿಗೆ ಯಾವುದಾದ್ರೆ ಏನು?" ಎಂದಳು. ಅವಳಿಗೇನು ಗೊತ್ತು! ಹದಿನೆಂಟು ವರ್ಷದ ಕೆಲಸದಲ್ಲಿ ಒಮ್ಮೆಯಾದರೂ ಮಾವನ ಬಾಯಿಂದ "ನಿಮ್ಮ ಮಾತೇ ಸರಿ" ಎಂದು ಬರಬೇಕಿತ್ತು. ಅಷ್ಟೇ ಅವನ ಆಸೆ.

ಎರಡು ತಿಂಗಳ ನಂತರ ಮಾವನಿಂದ ಫೋನ್ ಬಂತು. ಹಿಂಬಾಗಿಲಿನ ಮತ್ತು ಡಾರ್ಕ್‌ರೂಮಿನ ಕ್ಯಾಮೆರಾಗಳದ್ದು ಏನೂ ಉಳಿಯುತ್ತಿಲ್ಲವಂತೆ. ಆ ಪೆಟ್ಟಿಗೆಯಲ್ಲಿ ಪುಕ್ಕಟೆ ಲೈಸೆನ್ಸ್ ಎರಡೇ ಕ್ಯಾಮೆರಾಕ್ಕೆ. ಮಿಕ್ಕವಕ್ಕೆ ದುಡ್ಡು ಕೊಟ್ಟು ಕೊಳ್ಳಬೇಕು. ಆ ಎರಡೂ ಒಂದಷ್ಟು ದಿನ ಪರೀಕ್ಷೆಗೆಂದು ನಡೆದು ನಿಂತುಹೋಗಿವೆ. ಷಡ್ಡಕ ಮರೆತಿದ್ದ! ನಾಳೆ ಬಂದು ನೋಡುತ್ತೇನೆ ಎಂದಿದ್ದನಂತೆ. ಏಣಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ನಾಳೆಯವರೆಗೆ ಕಾಯುವ ಮನುಷ್ಯನೇ ಅವನು? ಮನೆಯಲ್ಲಿದ್ದ ರೆಕಾರ್ಡರನ್ನು ಚೀಲಕ್ಕೆ ಹಾಕಿಕೊಂಡು ಹೊರಟ.

ಹೋದಾಗ ಮಧ್ಯಾಹ್ನ. ಮಾವ ಅಂಗಡಿಯನ್ನು ಇವನ ಕೈಗೊಪ್ಪಿಸಿ ಊಟಕ್ಕೆ ಹೋದರು. ರೆಕಾರ್ಡರಿನಲ್ಲಿ ಡಿಸ್ಕ್ ಇರಲಿಲ್ಲ. ಷಡ್ಡಕನ ಪೆಟ್ಟಿಗೆಯಲ್ಲಿ ಎರಡಿದ್ದವು. ಒಂದರಲ್ಲಿ ಫೋಟೋ, ಇನ್ನೊಂದರಲ್ಲಿ ಕ್ಯಾಮೆರಾದ್ದು ಇರಬೇಕು ಎಂದುಕೊಂಡ. ಅವನ ಲೋಕದಲ್ಲಿ ಡಿಸ್ಕ್ ಎಂದರೆ ಬರೀ ಜಾಗ. ಕೆಳಗಿನದು ಕ್ಯಾಮೆರಾದ್ದೇ ಎಂದು ತಾನೇ ತೀರ್ಮಾನಿಸಿ ಎಳೆದ, ರೆಕಾರ್ಡರಿಗೆ ಜೋಡಿಸಿದ. ಡಿಸ್ಕ್ ಅಳಿಸಿ ಹೊಸದು ಮಾಡಲೇ ಎಂದು ಪರದೆ ಕೇಳಿತು. ಸಾವಿರ ಸಲ ಒತ್ತಿದ ಗುಂಡಿ. ಓದದೆಯೇ ಹೂಂ ಎಂದು ಒತ್ತಿದ.

ಅಷ್ಟರಲ್ಲೇ ಷಡ್ಡಕನ ಪೆಟ್ಟಿಗೆ ಕೀಂ ಕೀಂ ಎನ್ನತೊಡಗಿತ್ತು. ಕೆಂಪು ದೀಪ. ಅಳಿಸಿದ್ದು ಫೋಟೋಗಳ ಡಿಸ್ಕ್ ಆಗಿದ್ದರೆ? ಮದುವೆಗಳು, ತೊಟ್ಟಿಲ ಕೂಸುಗಳು, ಈಗಿಲ್ಲದ ಅತ್ತೆಯ ಹರೆಯದ ಮುಖ, ಪದರ ಸುಲಿದು ಹಾಳಾಗುತ್ತಿದ್ದವೆಂದು ಮಾವ ಒಂದೊಂದಾಗಿ ಸ್ಕ್ಯಾನ್ ಮಾಡಿಟ್ಟಿದ್ದ ಹಳೆಯ ನೆಗೆಟಿವ್‌ಗಳು. ಜೀವಮಾನದಲ್ಲಿ ಯಾರನ್ನು ಕರೆಯಬಾರದು ಎಂದುಕೊಂಡಿದ್ದನೋ ಅವನಿಗೇ ಫೋನ್ ಮಾಡಿದ.

ಷಡ್ಡಕ ಇಪ್ಪತ್ತೇ ನಿಮಿಷದಲ್ಲಿ ಬಂದ. ಬೈಯಲಿಲ್ಲ. ಪರದೆ ನೋಡಿ ಉಸಿರು ಬಿಟ್ಟ.

"ಏನೂ ಹೋಗಿಲ್ಲ ಭಾವ. ಎರಡರಲ್ಲೂ ಇರೋದು ಒಂದೇ. ಒಂದು ಹಾಳಾದ್ರೆ ಇನ್ನೊಂದು ಇರ್ಲಿ ಅಂತ ಹಾಗೆ ಮಾಡಿದ್ದೆ." ಡಿಸ್ಕನ್ನು ಮತ್ತೆ ಅದರ ಗೂಡಿಗೆ ತಳ್ಳಿ ಏನೇನೋ ಒತ್ತಿದ. ಕೀಂಗುಡುವುದು ನಿಂತಿತು. "ಸಂಜೆ ಹೊತ್ತಿಗೆ ನಕಲಾಗಿ ಸರಿಹೋಗತ್ತೆ."

ಹೋದ ಜೀವ ಬಂತು, ನಿಜ. ಆದರೆ ಅದರ ಹಿಂದೆಯೇ ಹೊಟ್ಟೆಯುರಿಯೂ ಬಂತು. ಇದನ್ನೂ ಇವನೇ ಯೋಚಿಸಿ ಇಟ್ಟಿರಬೇಕೇ?

ಬಾಗಿಲಲ್ಲಿ ಮಾವ ನಿಂತಿದ್ದರು. "ಏನದು ಕಿರುಚ್ತಾ ಇದ್ದಿದ್ದು? ಬೀದಿಗೆಲ್ಲ ಕೇಳ್ತಿತ್ತು."

"ಒಂದು ಡಿಸ್ಕ್ ಕೈಕೊಟ್ಟಿತ್ತು ಮಾವ," ಎಂದ ಷಡ್ಡಕ, ಕಣ್ಣೂ ಮಿಟುಕಿಸದೆ. "ಭಾವ ಇದ್ದಿದ್ದು ಒಳ್ಳೇದಾಯ್ತು, ತಕ್ಷಣ ಹೇಳಿದ್ರು. ಕ್ಯಾಮೆರಾ ವಿಷಯದಲ್ಲಿ ತಪ್ಪು ನಂದೇ. ಭಾವ ಹೇಳಿದ ರೆಕಾರ್ಡರ್ ಕ್ಯಾಮೆರಾಕ್ಕಿರ್ಲಿ, ಇದು ಫೋಟೋಗೆ ಮಾತ್ರ ಇರ್ಲಿ."

ಮಾವ ಕನ್ನಡಕ ತೆಗೆದರು. ಏಣಿಯ ಕಡೆ ತಿರುಗಿ, "ನಿಮ್ಮ ಮಾತೇ ಸರಿ ಅಳಿಯಂದ್ರೇ," ಎಂದರು.

ಹದಿನೆಂಟು ವರ್ಷ ಕಾದ ಮಾತು, ಷಡ್ಡಕ ಕೈಯೆತ್ತಿ ಕೊಟ್ಟ ಭಿಕ್ಷೆಯಾಗಿ ಬಂದಿತ್ತು. ಏಣಿ ಷಡ್ಡಕನ ಮುಖ ನೋಡಿದ. ಏನು ಶಾಂತಿ, ಏನು ಸಮಾಧಾನ! ಕೆಲಸದಲ್ಲಿ ಮುಂದಾದದ್ದು ಸಾಲದೆಂದು ಒಳ್ಳೆಯತನದಲ್ಲೂ ಇವನೇ ಮುಂದೆ ಹೋಗಬೇಕೇ? ಅದೊಂದನ್ನಾದರೂ ಬಿಟ್ಟುಕೊಡುವುದಿಲ್ಲ ಎಂಬ ಛಲ ಬಂತು. ನಿಜ ಬಾಯಿಗೆ ಬಂದದ್ದು ಆ ಛಲಕ್ಕೇ.

"ಇಲ್ಲ ಮಾವ. ಡಿಸ್ಕ್ ಕೈಕೊಡ್ಲಿಲ್ಲ. ಅದನ್ನ ಕಿತ್ತಿದ್ದು ನಾನು, ಅಳಿಸಿದ್ದೂ ನಾನೇ. ಇವನ ಮೇಲಿನ ಹೊಟ್ಟೆಕಿಚ್ಚಿಗೆ."

ಹೇಳಿ ಮುಗಿಸಿ ಎದೆ ಸೆಟೆಸಿ ನಿಂತ. ಇನ್ನು ಮಾವ ಬೈದರೂ ಸರಿ, ಬೆನ್ನು ತಟ್ಟಿದರೂ ಸರಿ. ತನ್ನನ್ನು ನೋಡಿದರೆ ಸಾಕು.

ಮಾವ ಕಿರಿಯ ಅಳಿಯನ ಹೆಗಲ ಮೇಲೆ ಕೈಯಿಟ್ಟರು.

"ಭಾವನ ಮಾನ ಉಳಿಸೋಕೆ ತಪ್ಪನ್ನ ನಿನ್ನ ಪೆಟ್ಟಿಗೆ ಮೇಲೆ ಹಾಕ್ಕೊಂಡ್ಯಲ್ಲಪ್ಪಾ! ಎಂಥಾ ದೊಡ್ಡ ಗುಣ ನಿಂದು."